ಕುಪ್ಪಸಕ್ಕೂ ಮೊದಲು

(ಸೂಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ತೀರಿಹೋದ ತಾಯಿಯ ನೆನಪಿಗೆ ಮಕ್ಕಳು ಇಟ್ಟ ದತ್ತಿ ಇದು. ಹೊಟ್ಟೆಯಲ್ಲಿ ಕೂಸು ಹೇಗೆ ಬೆಳೆಯುತ್ತದೆ ಎಂಬುದನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ತಿಳಿಯುವಂತೆ ಹೇಳಿರಿ ಎಂದು ದತ್ತಿ ಇಟ್ಟವರು ಕೇಳಿದಾಗ ನಾನು ತಕ್ಷಣ ಒಪ್ಪಿದೆ. ಈ ಸೀಮೆಯ ಹೆರಿಗೆ ಕೋಣೆಗಳಲ್ಲೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಊರೂ ಈ ಮಾತಿಗೆ ತಕ್ಕದ್ದೇ. ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಹೆಸರು ಇಲ್ಲಿನ 1010ರ ಶಾಸನದಲ್ಲಿದೆ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಹೆಣ್ಣುಮಗಳು ಆಕೆ. ಇಲ್ಲಿಂದ ಬಾದಾಮಿಗೆ ಹೋದರೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಾಗನಾಥನಕೊಳ್ಳದಿಂದ ತಂದಿಟ್ಟ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ತಾವರೆ, ಕೆಳಗೆ ಮಂಡಿ ಅಗಲಿಸಿ ಹೆರಿಗೆಗೆ ಕೂತ ಮೈ. ಅದನ್ನು ಕಡೆದ ಶಿಲ್ಪಿಗೆ ಇದು ಪಿಸುಗುಡುವ ಸಂಗತಿ ಎನಿಸಿರಲಿಲ್ಲ. ನಾವೂ ಇವತ್ತು ಮುಚ್ಚುಮರೆ ಇಲ್ಲದೆ ಮಾತಾಡೋಣ. ಗಂಡಸರು ಎದ್ದು ಹೋಗಬಾರದು.

ನಾನು ಹೇಳಬೇಕೆಂದು ಬಂದದ್ದು ಒಂದೇ ಮಾತು. ಬಸುರಿಯ ಬಗ್ಗೆ ನಮ್ಮ ಜನಕ್ಕೆ ಅಕ್ಕರೆ ಕಡಿಮೆಯಿಲ್ಲ. ಐದು ತಿಂಗಳಿಗೆ ಕಳ್ಳಕುಪ್ಪಸ, ಏಳಕ್ಕೋ ಒಂಬತ್ತಕ್ಕೋ ದೊಡ್ಡ ಕುಪ್ಪಸ, ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ತವರಿಂದ ಬುಟ್ಟಿಗಟ್ಟಲೆ ಹೋಳಿಗೆ, ಕರ್ಚಿಕಾಯಿ, ಉಂಡಿ. ಹೆತ್ತ ಮೇಲೆ ಬಾಣಂತನ. ಎಲ್ಲವೂ ಚಂದ. ಆದರೆ ಕುಪ್ಪಸದ ದಿನ ಗೊತ್ತುಮಾಡುವ ಹೊತ್ತಿಗೆ ಕೂಸಿನ ಗುಂಡಿಗೆ, ಮಿದುಳಿನ ಬುನಾದಿ, ಬೆನ್ನುಹುರಿ, ಕೈಕಾಲು, ತುಟಿ, ಕಣ್ಣು ಎಲ್ಲವೂ ರೂಪುಗೊಂಡು ಮುಗಿದಿರುತ್ತವೆ. ನಮ್ಮ ಅಕ್ಕರೆ ತಡವಾಗಿ ಬರುತ್ತಿದೆ. ಅದನ್ನು ಒಂದಿಷ್ಟು ತಿಂಗಳು ಹಿಂದಕ್ಕೆ ತರಬೇಕು.

ಲೆಕ್ಕದಿಂದಲೇ ಶುರು ಮಾಡುತ್ತೇನೆ. ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳು ತಾರೀಖು ಹೇಳುವುದು ಕಡಿಮೆ. ‘ಕಾರಹುಣ್ಣಿವಿ ಇನ್ನ ನಾಕ ದಿನ ಇತ್ರೀ’ ಅನ್ನುತ್ತಾರೆ, ‘ಪಂಚಮಿಗೆ ತವರಿಗೆ ಹೋದಾಗ್ರೀ’ ಅನ್ನುತ್ತಾರೆ. ಕ್ಯಾಲೆಂಡರ್ ಮುಂದಿಟ್ಟುಕೊಂಡರೆ ತಾರೀಖು ಕರಾರುವಾಕ್ಕಾಗಿ ಸಿಗುತ್ತದೆ. ಆ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಹೆರಿಗೆಯ ದಿನ ಹೇಳುತ್ತೇವೆ. ಆದರೆ ಅಂಡಾಣು ಹೊರಬಿದ್ದು ಗರ್ಭ ಕಟ್ಟುವುದು ಮುಟ್ಟಾದ ಸುಮಾರು ಎರಡು ವಾರದ ಮೇಲೆ. ಹೀಗಾಗಿ ಕೂಸಿನ ನಿಜವಾದ ವಯಸ್ಸು ಡಾಕ್ಟರ ಲೆಕ್ಕಕ್ಕಿಂತ ಎರಡು ವಾರ ಕಡಿಮೆ. ಇನ್ನೊಂದು ಕಡೆಯಿಂದ ನೋಡಿರಿ. ಈ ತಿಂಗಳು ಮುಟ್ಟು ಬರಲಿಲ್ಲವಲ್ಲ ಎಂದು ಹೆಣ್ಣುಮಗಳಿಗೆ ಮೊದಲ ಅನುಮಾನ ಬರುವ ದಿನ, ಒಳಗಿನ ಜೀವಕ್ಕೆ ಆಗಲೇ ಎರಡು ವಾರ ತುಂಬಿರುತ್ತದೆ.

ಆ ಎರಡು ವಾರದಲ್ಲಿ ಏನಾಗಿರುತ್ತದೆ? ಅಂಡಾಣು ನಮ್ಮ ದೇಹದ ಅತಿ ದೊಡ್ಡ ಜೀವಕೋಶ, ಆದರೂ ಅಗಲ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಗರ್ಭನಾಳದಲ್ಲಿ ವೀರ್ಯಾಣು ಅದನ್ನು ಕೂಡುತ್ತದೆ. ಒಂದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಗರ್ಭಕೋಶದ ಕಡೆಗೆ ಇಳಿದು, ಆರೇಳು ದಿನಕ್ಕೆ ಅದರ ಗೋಡೆಯಲ್ಲಿ ಹುದುಗಲು ಶುರುಮಾಡುತ್ತದೆ.

ಇಲ್ಲಿ ಒಂದು ಹಳೆಯ ಮಾತನ್ನು ತಿದ್ದಬೇಕು. ಹೆಣ್ಣು ಹೊಲ, ಗಂಡು ಬೀಜ ಎಂದು ಹೇಳುತ್ತ ಬಂದಿದ್ದೇವೆ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಕಣ್ಣಾರೆ ಕಂಡದ್ದೇ 1827ರಲ್ಲಿ. ಅಲ್ಲಿಯವರೆಗೆ ಆ ಮಾತು ನಡೆಯಿತು, ಇನ್ನು ನಡೆಯಬಾರದು. ಕೂಸಿನ ವರ್ಣತಂತುಗಳಲ್ಲಿ ಅರ್ಧ ತಾಯಿಯವು. ಮೊದಲ ಜೀವಕೋಶದ ಮೈ ಹೆಚ್ಚುಕಡಿಮೆ ಪೂರ್ತಿ ಅಂಡಾಣುವಿನಿಂದಲೇ ಬಂದದ್ದು. ತಾಯಿ ಬರೀ ನೆಲವಲ್ಲ, ಬೀಜವೂ ಅವಳದ್ದು. ಗಂಡೋ ಹೆಣ್ಣೋ ಎಂಬುದು ಮಾತ್ರ ತಂದೆಯ ಕಡೆಯಿಂದ ನಿಶ್ಚಯವಾಗುತ್ತದೆ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಇದನ್ನು 1905ರಲ್ಲಿ ತೋರಿಸಿಕೊಟ್ಟವಳು ನೆಟ್ಟಿ ಸ್ಟೀವನ್ಸ್ ಎಂಬ ಹೆಣ್ಣುಮಗಳು. ಹೀಗಿದ್ದೂ ಮೂರನೆಯ ಹೆಣ್ಣು ಹುಟ್ಟಿದಾಗ ಸೊಸೆಯತ್ತ ಕೆಂಗಣ್ಣು ಬಿಡುವ ಮನೆಗಳನ್ನು ನಾನು ಈಗಲೂ ನೋಡುತ್ತೇನೆ. ಎದೆ ಕುದಿಯುತ್ತದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳಿರೆಂದು ಸ್ಕ್ಯಾನಿಂಗ್ ಕೋಣೆಯಲ್ಲಿ ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ಮೂರನೆಯ ವಾರಕ್ಕೆ ಬರೋಣ. ಈಗಿನಿಂದ ನಾನು ಎಣಿಸುವುದು ಗರ್ಭ ಕಟ್ಟಿದ ದಿನದಿಂದ. ಚಪ್ಪಟೆ ತಟ್ಟೆಯಂತಿದ್ದ ಭ್ರೂಣದಲ್ಲಿ ಮೂರು ಪದರ ಏರ್ಪಡುತ್ತವೆ. ಮೇಲಿನದರಿಂದ ಚರ್ಮ ಮತ್ತು ಮಿದುಳು, ನಡುವಿನದರಿಂದ ಎಲುಬು, ಸ್ನಾಯು, ಗುಂಡಿಗೆ, ನೆತ್ತರು, ಕೆಳಗಿನದರಿಂದ ಕರುಳು ಮತ್ತು ಶ್ವಾಸಕೋಶದ ಒಳಪದರ. ಸುಮಾರು ಇಪ್ಪತ್ತೆರಡನೆಯ ದಿನ ಗುಂಡಿಗೆ ಮಿಡಿಯತೊಡಗುತ್ತದೆ. ಆಗ ಅದೊಂದು ಸಣ್ಣ ನಳಿಕೆ. ನಾಲ್ಕು ಕೋಣೆಗಳು ಆಮೇಲೆ.

ಯಾವ ಅಂಗ ಮೊದಲು ಹುಟ್ಟುತ್ತದೆ ಎಂಬ ವಾದ ನಮ್ಮಲ್ಲೂ ಹಳೆಯದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಒಬ್ಬೊಬ್ಬ ಋಷಿ ಒಂದೊಂದು ಹೇಳುತ್ತಾನೆ. ಶೌನಕ ತಲೆ ಎನ್ನುತ್ತಾನೆ, ಕೃತವೀರ್ಯ ಹೃದಯ ಎನ್ನುತ್ತಾನೆ, ಪಾರಾಶರ್ಯ ನಾಭಿ, ಮಾರ್ಕಂಡೇಯ ಕೈಕಾಲು. ಕೊನೆಗೆ ಧನ್ವಂತರಿ, ಎಲ್ಲವೂ ಒಟ್ಟಿಗೇ ಹುಟ್ಟುತ್ತವೆ, ಅತಿ ಸಣ್ಣವಾದ್ದರಿಂದ ಕಾಣುವುದಿಲ್ಲ ಎಂದು ತೀರ್ಪು ಕೊಡುತ್ತಾನೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟು ಕೇಳಿಕೊಂಡರಲ್ಲ, ಆ ಕುತೂಹಲಕ್ಕೆ ಕೈಮುಗಿಯುತ್ತೇನೆ. ಅವರಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳಲಾರೆ. ಕೆಲಸಕ್ಕೆ ಮೊದಲು ತೊಡಗುವುದು ಗುಂಡಿಗೆಯೇ, ಆದರೆ ಅದು ಮಿಡಿಯುವ ಹೊತ್ತಿಗೆ ಮಿಕ್ಕೆಲ್ಲದರ ಗುರುತು ಮೂಡುತ್ತಿರುತ್ತದೆ.

ನಾನು ನಿಮ್ಮನ್ನು ಕೊಂಚ ಹೊತ್ತು ನಿಲ್ಲಿಸಬೇಕೆಂದಿರುವುದು ನಾಲ್ಕನೆಯ ವಾರದಲ್ಲಿ. ಭ್ರೂಣದ ಬೆನ್ನ ಕಡೆ ಉದ್ದಕ್ಕೆ ಒಂದು ದಪ್ಪ ಪಟ್ಟಿ ಇದೆ. ಅದರ ಎರಡೂ ಅಂಚು ಮೇಲಕ್ಕೇಳುತ್ತವೆ, ನಡುವೆ ತಗ್ಗಾಗುತ್ತದೆ. ಅಂಚುಗಳು ಒಂದರ ಕಡೆಗೊಂದು ಬಾಗಿ, ಕುತ್ತಿಗೆಯ ಜಾಗದಲ್ಲಿ ಮೊದಲು ಕೂಡಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಬೆಸೆಯುತ್ತ ಹೋಗುತ್ತವೆ. ಪಟ್ಟಿ ಹೋಗಿ ಕೊಳವೆಯಾಗುತ್ತದೆ. ಮೇಲಿನ ಬಾಯಿ ಇಪ್ಪತ್ತೈದನೆಯ ದಿನದ ಸುಮಾರಿಗೆ, ಕೆಳಗಿನ ಬಾಯಿ ಇಪ್ಪತ್ತೆಂಟರ ಹೊತ್ತಿಗೆ ಮುಚ್ಚುತ್ತದೆ. ಈ ಕೊಳವೆಯೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ಇಡೀ ಭ್ರೂಣದ ಉದ್ದ ಆಗ ನಾಲ್ಕೈದು ಮಿಲಿಮೀಟರ್. ಮೇಲಿನ ಬಾಯಿ ಮುಚ್ಚದಿದ್ದರೆ ತಲೆಬುರುಡೆ ಇಲ್ಲದ ಕೂಸು ಹುಟ್ಟುತ್ತದೆ, ಬದುಕುವುದಿಲ್ಲ. ಕೆಳಗಿನದು ಮುಚ್ಚದಿದ್ದರೆ ಸೊಂಟದ ಮೇಲೆ ತೆಳು ಪೊರೆಯ ಗುಳ್ಳೆ. ಅದರೊಳಗೆ ನೀರು, ನರ. ಅಂಥ ಕೂಸನ್ನು ಕೈಗೆತ್ತಿಕೊಂಡಾಗ ಮುಖ ಅರಳಿದ ಹೂವು, ಅಳು ಗಟ್ಟಿ, ಆದರೆ ಅಂಗಾಲು ಕೆರೆದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ತಾಯಿ ನನ್ನ ಮುಖ ನೋಡುತ್ತಾಳೆ.

ದಿನ ಕೂಡಿಸಿ ನೋಡಿರಿ. ಇಪ್ಪತ್ತೆಂಟನೆಯ ದಿನ ಅಂದರೆ ಮುಟ್ಟು ತಪ್ಪಿ ಬರೀ ಎರಡು ವಾರ. ಅನೇಕರು ಇನ್ನೂ ಗಂಡನಿಗೂ ಹೇಳಿರುವುದಿಲ್ಲ. ಆಶಾ ಕಾರ್ಯಕರ್ತೆ ಬಂದು, ತಾಯಿ ಕಾರ್ಡ್ ಮಾಡಿಸಿ, ಗುಳಿಗೆ ಕೈಗೆ ಬರುವ ಹೊತ್ತಿಗೆ ಆ ಬಾಗಿಲು ಮುಚ್ಚಿಯೋ ಮುಚ್ಚದೆಯೋ ತೀರ್ಮಾನವಾಗಿ ಹೋಗಿರುತ್ತದೆ.

ಇದು ದೂರದ ದೇಶದ ಕಾಯಿಲೆಯಲ್ಲ. ದಾವಣಗೆರೆಯ ಮಕ್ಕಳ ವೈದ್ಯ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು ಅಲ್ಲಿನ ಹೆರಿಗೆಗಳನ್ನು ನೋಡುತ್ತ ಹೋಗಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರ ಹೆರಿಗೆಗೆ 11ಕ್ಕಿಂತ ಹೆಚ್ಚು ಕೂಸುಗಳಿಗೆ ಈ ನರಕೊಳವೆಯ ದೋಷ ಕಂಡಿತ್ತು. ಲೋಕದಲ್ಲೇ ದೊಡ್ಡ ಪ್ರಮಾಣಗಳಲ್ಲಿ ಒಂದು ಅದು. ಎರಡು ವರ್ಷದ ನಂತರ, 1991ರಲ್ಲಿ, ಏಳು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ ಬ್ರಿಟನ್ನಿನಿಂದ ಹೊರಬಂತು. ಹಿಂದೆ ಇಂಥ ಕೂಸು ಹೆತ್ತಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ ನೂರಕ್ಕೆ 72ರಷ್ಟು ತಡೆಯಬಹುದೆಂದು ಗೊತ್ತಾಯಿತು. ಮರುವರ್ಷ ಹಂಗೇರಿಯಿಂದ, ಮೊದಲ ಸಲ ಬಸುರಾಗುವವರಿಗೂ ಇದು ಉಪಯೋಗಕ್ಕೆ ಬರುತ್ತದೆಂಬ ಸುದ್ದಿ ಬಂತು. ಈ ಫೋಲಿಕ್ ಆಸಿಡ್‌ನ ಕಥೆ ಶುರುವಾದದ್ದೂ ನಮ್ಮ ನಾಡಿನಲ್ಲೇ. ಲೂಸಿ ವಿಲ್ಸ್ ಎಂಬ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಸುರಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಬೆನ್ನು ಹತ್ತಿದಳು. ಬಟ್ಟೆ ಗಿರಣಿಯ ಕೂಲಿ ಹೆಂಗಸರ ಊಟ ನೋಡಿದಳು, ಈಸ್ಟ್‌ನ ಸಾರ ಕೊಟ್ಟಳು, ರಕ್ತ ಏರಿತು. ಆ ಸಾರದಲ್ಲಿದ್ದ ಸತ್ವವೇ ಇದು.

ರೋಣ, ಗಜೇಂದ್ರಗಡದ ಎರೆಭೂಮಿಯಲ್ಲಿ ಇದಕ್ಕೇನು ಬರವಿಲ್ಲ. ಮುಂಗಾರಿಯ ಹೆಸರು, ಹಿಂಗಾರಿಯ ಕಡಲೆ ಎರಡರಲ್ಲೂ ಇದು ಚೆನ್ನಾಗಿದೆ. ಹಸಿರು ಸೊಪ್ಪಿನಲ್ಲಿದೆ, ಆದರೆ ಹೆಚ್ಚು ಕುದಿಸಿದರೆ ಬಹುಪಾಲು ಹೋಗಿಬಿಡುತ್ತದೆ. ರೊಟ್ಟಿಯ ಜೊತೆ ಹಸಿ ಹಕ್ಕರಕಿ, ಹಸಿ ಮೆಂತೆ, ಉಳ್ಳಾಗಡ್ಡಿ ತಪ್ಪಲ ಕಡಿದುಕೊಂಡು ತಿನ್ನುವ ನಮ್ಮ ರೂಢಿ ಎಷ್ಟು ಒಳ್ಳೆಯದು! ಬಡವರ ಊಟವೆಂದು ಅದನ್ನು ಬಿಟ್ಟು ಬೇಕರಿಯ ತಿನಿಸಿಗೆ ಹೋಗಬೇಡಿರಿ. ಆದರೂ ಊಟವೊಂದನ್ನೇ ನಂಬಿ ಕೂರುವಂತಿಲ್ಲ. ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮೊದಲಿನಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಗುಳಿಗೆ ಬೇಕು. ಗರ್ಭ ನಿಲ್ಲುವ ತಿಂಗಳು ಯಾರಿಗೂ ಮುಂಚೆ ಗೊತ್ತಾಗದು. ಆದ್ದರಿಂದ ಅಕ್ಷತೆ ಬಿದ್ದ ವಾರದಿಂದಲೇ ಶುರುವಾಗಲಿ, ಬಸುರಿಗೆ ಮೂರು ತಿಂಗಳು ತುಂಬುವವರೆಗೆ ನಡೆಯಲಿ. ಹಿಂದೆ ಇಂಥ ಕೂಸು ಹುಟ್ಟಿದ್ದರೆ ಪ್ರಮಾಣ ಇದರ ಹತ್ತುಪಟ್ಟು, ಅದನ್ನು ವೈದ್ಯರೇ ಬರೆಯಬೇಕು.

ನಾಲ್ಕರಿಂದ ಎಂಟನೆಯ ವಾರ ಅಂಗಾಂಗಗಳ ಕಾಲ. ಮೊದಲು ಕೈಯ ಮೊಗ್ಗು, ಒಂದೆರಡು ದಿನ ತಡವಾಗಿ ಕಾಲಿನದು. ಬೆರಳು ಬೆಳೆಯುವುದಕ್ಕಿಂತ ಬಿಡಿಸಿಕೊಳ್ಳುತ್ತವೆ ಅನ್ನಬೇಕು. ಅಂಗೈ ಮೊದಲು ಸೇರಿಕೊಂಡ ಹಲಗೆ, ಬೆರಳ ನಡುವಿನ ಜೀವಕೋಶಗಳು ಸಾಯುತ್ತ ಹೋಗಿ ಸಂದುಗಳಾಗುತ್ತವೆ. ಮುಖ ಎಡದಿಂದ, ಬಲದಿಂದ, ಮೇಲಿನಿಂದ ಬಂದು ಕೂಡುತ್ತದೆ. ಮೇಲ್ದುಟಿ ಏಳನೆಯ ವಾರದ ಸುಮಾರಿಗೆ ಬೆಸೆದುಕೊಳ್ಳುತ್ತದೆ, ಬಾಯಿಯ ಅಂಗಳ ಮೂರು ತಿಂಗಳ ಹೊತ್ತಿಗೆ. ಎಂಟನೆಯ ವಾರದ ಕೊನೆಗೆ ಮೂರು ಸೆಂಟಿಮೀಟರ್ ಉದ್ದದ ಜೀವದಲ್ಲಿ ಮನುಷ್ಯನ ಎಲ್ಲ ಅಂಗಗಳ ಮೊದಲ ರೂಪ ಇದೆ.

ಇದನ್ನು ತಿಳಿದವರು ಗ್ರಹಣದ ಮಾತು ತಾವೇ ತೂಗಿ ನೋಡಬಹುದು. ಐದು ತಿಂಗಳ ಬಸುರಿ ಗ್ರಹಣದ ಹೊತ್ತಿಗೆ ಈಳಿಗೆ ಮುಟ್ಟಿದ್ದಕ್ಕೆ ಕೂಸಿನ ತುಟಿ ಸೀಳಿತು ಎನ್ನುತ್ತಾರೆ. ಎರಡು ತಿಂಗಳಿಗೆ ಬೆಸೆದುಕೊಂಡ ತುಟಿ ಐದಕ್ಕೆ ಹೇಗೆ ಸೀಳೀತು? 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿಯ ಸಮೀಪ, ಊನ ವಾಸಿಯಾದೀತೆಂದು ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಾಯಿತಂದೆಯರನ್ನು ಬೈಯಲು ನನ್ನಿಂದಾಗದು. ನಿಮ್ಮ ಕೂಸಿಗೆ ಹೀಗೇಕಾಯಿತು ಎಂದು ಅವರ ಭಾಷೆಯಲ್ಲಿ ಕೂತು ಹೇಳಿದವರು ಎಷ್ಟು ಜನ? ಕಾರಣಗಳು ಬೇರೆ ಇವೆ. ಕೆಲವು ವಂಶವಾಹಿಗಳಲ್ಲಿ, ಕೆಲವು ಔಷಧಿಗಳಲ್ಲಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯಲ್ಲಿ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ಸಂಬಂಧಗಳಲ್ಲಿ ಎರಡೂ ಕಡೆಯ ಒಂದೇ ದೋಷ ಕೂಡಿಕೊಳ್ಳುವ ಸಂಭವ ಹೆಚ್ಚು. ಹೊಲ ಮನೆ ಒಡೆಯಬಾರದೆಂಬ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿರಿ.

ಮುಂದಿನ ತಿಂಗಳುಗಳನ್ನು ಬೇಗ ದಾಟುತ್ತೇನೆ. ಮೂರು ತಿಂಗಳಿಗೆ ಕೂಸು ಕೈಬೆರಳಷ್ಟು, ತನ್ನ ಸುತ್ತಲಿನ ನೀರು ನುಂಗುತ್ತದೆ, ಉಚ್ಚೆ ಮಾಡುತ್ತದೆ. ಚೊಚ್ಚಲ ಬಸುರಿಗೆ ಕೂಸು ಆಡಿದ್ದು ತಿಳಿಯುವುದು ಡಾಕ್ಟರ ಲೆಕ್ಕದ 18ರಿಂದ 20ನೆಯ ವಾರಕ್ಕೆ. ಆಗ ತೂಕ ಮುನ್ನೂರು ಗ್ರಾಂ ಆಸುಪಾಸು. 28ನೆಯ ವಾರಕ್ಕೆ ಒಂದು ಕಿಲೊ.

ಈ ಏಳನೆಯ ತಿಂಗಳಿಗೆ ಕೂಸಿಗೆ ಕಿವಿ ಕೇಳಿಸುತ್ತಿರುತ್ತದೆ. ತಾಯಿಯ ಗುಂಡಿಗೆ, ಕರುಳಿನ ಗುಳುಗುಳು, ಎಲ್ಲಕ್ಕಿಂತ ಸ್ಪಷ್ಟವಾಗಿ ತಾಯಿಯ ದನಿ. ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ಹೆತ್ತವಳ ದನಿಯನ್ನೇ ಬಯಸುತ್ತವೆ ಎಂದು ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ತೋರಿಸಿದರು. ಹಾಗಾದರೆ ಏಳು ತಿಂಗಳ ಕುಪ್ಪಸದಲ್ಲಿ ಸೋಬಾನ ಹಾಡುವಾಗ, ಅವಳೂ ದನಿಗೂಡಿಸಿದರೆ, ಕೇಳುವವರು ಮನೆತುಂಬ ಕೂತವರಷ್ಟೇ ಅಲ್ಲ. ಅಂಗಾಂಗಗಳ ಲೆಕ್ಕದಲ್ಲಿ ಕುಪ್ಪಸ ತಡವಾದರೂ ಕಿವಿಯ ಲೆಕ್ಕದಲ್ಲಿ ಸಮಯಕ್ಕೆ ಸರಿಯಾಗಿದೆ. ಹಾಡುವುದನ್ನು ಬಿಟ್ಟು ಡಿಜೆ ತರಿಸಬೇಡಿರಿ.

ಇಷ್ಟು ತಿಂಗಳು ಕೂಸನ್ನು ಒಳಗೆ ಸಾಕುವುದು ಮಾಸು. ಹೆರಿಗೆಯಾದ ಮೇಲೆ ಅದನ್ನು ತಟ್ಟೆಯಲ್ಲಿ ಹರಡಿ ನೋಡುವುದು ನಮ್ಮ ಕೆಲಸದ ಭಾಗ. ತುಂಡೇನಾದರೂ ಒಳಗೆ ಉಳಿದರೆ ತಾಯಿಗೆ ರಕ್ತ ಹರಿಯುತ್ತದೆ. ಅರ್ಧ ಕಿಲೊ ತೂಕ, ಗೇಣಗಲ. ತಾಯಿಯ ಕಡೆಯ ಮುಖ ಕಡುಗೆಂಪು, ಹದಿನೈದಿಪ್ಪತ್ತು ದಿಬ್ಬ. ಕೂಸಿನ ಕಡೆಯ ಮುಖ ನುಣುಪು, ಹೊಳಪು, ಅದರ ಮೇಲೆ ನೀಲಿ ನಾಳಗಳ ಹರವು. ನಡುವಿನಿಂದ ಎದ್ದ ಹೊಕ್ಕುಳಬಳ್ಳಿಯನ್ನು ಕತ್ತರಿಸಿ ನೋಡಿದರೆ ಮೂರು ತೂತು, ಎರಡು ಅಪಧಮನಿ, ಒಂದು ಅಭಿಧಮನಿ. ತಾಯಿಯ ನೆತ್ತರೂ ಕೂಸಿನ ನೆತ್ತರೂ ಇಲ್ಲಿ ಬೆರೆಯುವುದಿಲ್ಲ, ತೆಳುಪೊರೆಯ ಆಚೆ ಈಚೆ ಹರಿಯುತ್ತ ಕೊಟ್ಟು ತೆಗೆದುಕೊಳ್ಳುತ್ತವೆ. ಸಿಹಿ, ಕಬ್ಬಿಣ, ಪ್ರಾಣವಾಯು ಎಲ್ಲಾ ಇದರ ಮೂಲಕವೇ. ತಂಬಾಕಿನ ವಿಷ, ಸಾರಾಯಿ ಕೂಡ ದಾಟುತ್ತವೆ.

ಕಬ್ಬಿಣದ ಮಾತು ಬಂತು. ಒಂದು ಬಸುರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಹೆಚ್ಚಿಗೆ ಬೇಕು. ಕೂಸು ತನ್ನ ಪಾಲಿನ ಹೆಚ್ಚಿನದನ್ನು ಕೊನೆಯ ಮೂರು ತಿಂಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ, ಹುಟ್ಟಿ ಆರು ತಿಂಗಳು ಆ ಗಂಟಿನ ಮೇಲೆ ನಡೆಯುತ್ತದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ. ಸರ್ಕಾರ ನಾಲ್ಕನೆಯ ತಿಂಗಳಿಂದ 180 ದಿನ ಗುಳಿಗೆ ಕೊಡುತ್ತದೆ. ಕೊಟ್ಟ ಗುಳಿಗೆ ಜಂತಿಯ ಸಂದಿನಲ್ಲಿ, ದೇವರ ಜಗಲಿಯ ಹಿಂದೆ ಕೂತಿರುತ್ತದೆ. ‘ಕರೇ ಕೂಸು ಹುಟ್ತಾವಂತ್ರೀ’ ಅನ್ನುತ್ತಾರೆ. ಗುಳಿಗೆಯಿಂದ ಕಪ್ಪಾಗುವುದು ಮಲ ಮಾತ್ರ, ಕೂಸಿನ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಗುಳಿಗೆ ನುಂಗಿದ ಕೂಡಲೇ ಚಹಾ ಕುಡಿಯಬೇಡಿರಿ, ನಿಂಬೆ ಹಿಂಡಿದ ನೀರು ಕುಡಿಯಿರಿ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಿಸಿಯೂಟ ಇದೆ. ಹೊಸ ಸೊಸೆ ಹೊರಗೆ ಕೂತು ಉಣ್ಣಬಾರದೆಂದು ತಡೆಯುವ ಅತ್ತೆಯರು, ದಯಮಾಡಿ ಅವಳ ಕೈಹಿಡಿದು ನೀವೇ ಕರೆದುಕೊಂಡು ಹೋಗಿರಿ.

ಕೂಸು ದೊಡ್ಡದಾದರೆ ಹಡೆಯುವುದು ಕಷ್ಟ, ಅದಕ್ಕೆ ಕೊನೆಗೆ ಊಟ ಕಡಿಮೆ ಮಾಡು ಎಂಬ ಸಲಹೆ ಈಗಲೂ ಕೇಳುತ್ತೇನೆ. ಇದಕ್ಕೆ ಮೈಸೂರಿನಿಂದ ಉತ್ತರ ಬಂದಿದೆ. ಅಲ್ಲಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಯಾವ ನರ್ಸಮ್ಮಂದಿರು ಬರೆದರೋ, ಅವರಿಗೆ ಲೋಕ ಋಣಿ. ಆ ದಾಖಲೆ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಇದ್ದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿ, ಕ್ಯಾರೊಲಿನ್ ಫಾಲ್, ಡೇವಿಡ್ ಬಾರ್ಕರ್ ಮೊದಲಾದವರು 1996ರಲ್ಲಿ ಪ್ರಕಟಿಸಿದರು. ಎರಡೂವರೆ ಕಿಲೊಗಿಂತ ಹೆಚ್ಚಿಲ್ಲದೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೊ ದಾಟಿ ಹುಟ್ಟಿದವರಲ್ಲಿ 3. ಹೊಟ್ಟೆಯೊಳಗಿನ ಹಸಿವು ನಲವತ್ತು ಐವತ್ತು ವರ್ಷದ ಮೇಲೆ ಎದೆನೋವಾಗಿ ಬರುತ್ತದೆ. ಕೊನೆಯ ಎರಡು ತಿಂಗಳಲ್ಲಿ ಕೂಸು ವಾರಕ್ಕೆ ಇನ್ನೂರು ಗ್ರಾಂ ಆಸುಪಾಸು ಏರುವ ಹೊತ್ತಿಗೆ ತಟ್ಟೆ ಎಳೆದುಕೊಳ್ಳಬೇಡಿರಿ. ಸಿಹಿಯೊಂದನ್ನೇ ತುರುಕಬೇಡಿರಿ, ಸಕ್ಕರೆ ಕಾಯಿಲೆಯ ಪರೀಕ್ಷೆ ತಪ್ಪಿಸಬೇಡಿರಿ.

ಶ್ವಾಸಕೋಶ ಬಹಳ ತಡವಾಗಿ ಬಲಿಯುತ್ತದೆ. ಅದರ ಗಾಳಿಗೂಡುಗಳು ಒಂದಕ್ಕೊಂದು ಅಂಟದಂತೆ ಕಾಯುವ ನೊರೆಯಂಥ ದ್ರವ ಡಾಕ್ಟರ ಲೆಕ್ಕದ 34, 35ನೆಯ ವಾರಕ್ಕೆ ಸಾಕಷ್ಟಾಗುತ್ತದೆ. ಅದಕ್ಕೂ ಮೊದಲೇ ಹೆರಿಗೆ ಬರುವ ಸೂಚನೆ ಕಂಡರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಕಂಡುಕೊಟ್ಟ ಈ ಉಪಾಯ ಲೆಕ್ಕವಿಲ್ಲದಷ್ಟು ಕೂಸುಗಳನ್ನು ಉಳಿಸಿದೆ. ಆದ್ದರಿಂದ ದಿನ ತುಂಬುವ ಮೊದಲು ನೀರು ಹೋದರೆ, ಹೊಟ್ಟೆ ಬಿಗಿದು ನೋವು ಬಂದರೆ ನಾಳೆ ನೋಡೋಣ ಎನ್ನದೆ ಗಜೇಂದ್ರಗಡಕ್ಕೋ ರೋಣಕ್ಕೋ ಆಗಲೇ ಹೊರಡಿರಿ.

ಕೊನೆಯದಾಗಿ ಹೆರಿಗೆಯ ಮೊದಲ ನಿಮಿಷಗಳು. ಹೊಟ್ಟೆಯೊಳಗೆ ಕೂಸಿನ ನೆತ್ತರು ಶ್ವಾಸಕೋಶವನ್ನು ಬಹುಮಟ್ಟಿಗೆ ಬಿಟ್ಟು ಬೇರೆ ದಾರಿಯಲ್ಲಿ ಹೋಗುತ್ತದೆ. ಗುಂಡಿಗೆಯ ಎಡ ಬಲದ ನಡುವೆ ಅದಕ್ಕೆಂದೇ ಒಂದು ಕಿಂಡಿ ಇದೆ. ಮೊದಲ ಉಸಿರಿಗೆ ಶ್ವಾಸಕೋಶ ತೆರೆದುಕೊಂಡಾಗ ನೆತ್ತರು ಅತ್ತ ನುಗ್ಗುತ್ತದೆ, ಎಡಬದಿಯ ಒತ್ತಡ ಏರಿ ಕಿಂಡಿಯ ಕದ ಹಾಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮಾಸಿನಲ್ಲಿ ಕೂಸಿನದೇ ನೆತ್ತರು ಇನ್ನೂ ಎಂಬತ್ತು, ನೂರು ಮಿಲಿಲೀಟರ್‌ನಷ್ಟು ಉಳಿದಿರುತ್ತದೆ, ಬಳ್ಳಿಯ ಮೂಲಕ ಬರುತ್ತಿರುತ್ತದೆ. ಬಳ್ಳಿಯನ್ನು ಹುಟ್ಟಿದ ಕೂಡಲೇ ಕತ್ತರಿಸಿದರೆ ಅದು ಕೂಸಿಗೆ ದಕ್ಕುವುದಿಲ್ಲ. ಕೂಸು ಚೆನ್ನಾಗಿ ಅತ್ತಿದ್ದರೆ ಒಂದರಿಂದ ಮೂರು ನಿಮಿಷ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ರಕ್ತ ಕಡಿಮೆ ಇರುವ ತಾಯಂದಿರ ಸೀಮೆಯಲ್ಲಿ ಈ ನೆತ್ತರಿನ ಕಬ್ಬಿಣ ಕೂಸಿಗೆ ತಿಂಗಳುಗಟ್ಟಲೆ ಸಾಕಾಗುತ್ತದೆ. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ನೋವು ಬಂದ ಮೇಲೆ ಯಾರಿಗೂ ಮಾತು ನೆನಪಿರುವುದಿಲ್ಲ. ಹಾಗಾಗಿ ಒಂಬತ್ತು ತಿಂಗಳ ತಪಾಸಣೆಗೆ ಹೋದಾಗಲೇ ನರ್ಸಮ್ಮನಿಗೆ ಇದನ್ನು ಹೇಳಿ, ತಾಯಿ ಕಾರ್ಡಿನ ಮೇಲೆ ಬರೆಸಿಕೊಂಡು ಬನ್ನಿರಿ.